ಕೆಮ್ಮಣ್ಣಿನ ಬಣ್ಣದ ಹುಳು

ತಮ್ಮಾ, ನೀನು ಕಳಿಸಿದ ಫೋಟೋ ನೋಡಿ ಮೊದಲು ನನಗೆ ನಗು ಬಂತು. ನಿನ್ನ ಉಪ್ಪುನೀರಿನ ತೊಟ್ಟಿಯ ಗಾಜಿಗೆ ಯಾರೋ ನಮ್ಮ ಕೆಮ್ಮಣ್ಣುಗುಂಡಿ ರಸ್ತೆಯ ಧೂಳು ಎರಚಿದ ಹಾಗಿತ್ತು. ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದೆ. ಧೂಳಿಗೆ ಬಾಲವಿತ್ತು, ಬಾಲಕ್ಕೆ ಮೂರು ಮೊನೆಯಿತ್ತು. ಆಮೇಲೆ ನಗಲಿಲ್ಲ.

ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ದೊಡ್ಡಪ್ಪಾ, ಯಾವ ಔಷಧಿ ಹಾಕಲಿ, ಬೇಗ ಹೇಳಿ" ಅಂದೆ. ನಾನು "ಇವತ್ತು ಏನೂ ಹಾಕಬೇಡ, ಲೈಟ್ ಆರಿಸಿ ಮಲಗು" ಅಂದೆ. ನಿನಗೆ ಸಿಟ್ಟು ಬಂತು ಅನ್ನುವುದು ನೀನು ಫೋನ್ ಇಟ್ಟ ರೀತಿಯಲ್ಲೇ ಗೊತ್ತಾಯಿತು. ಫೋನಿನಲ್ಲಿ ಹೇಳಿದರೆ ಅರ್ಧ ಕೇಳುತ್ತೀಯ, ಕೇಳಿದ್ದರಲ್ಲಿ ಅರ್ಧ ಮರೆಯುತ್ತೀಯ. ಅದಕ್ಕೇ ಇಲ್ಲಿ ಲಿಂಗದಹಳ್ಳಿಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಈ ಹುಳುವನ್ನು ಕೊಲ್ಲುವುದಕ್ಕೆ ಅರ್ಧ ಗಂಟೆ ಸಾಕು. ಸತ್ತ ಹುಳುವಿನಿಂದ ಮೀನುಗಳನ್ನು ಉಳಿಸಿಕೊಳ್ಳುವ ತಯಾರಿಗೆ ಮಾತ್ರ ವಾರ ಬೇಕು. ಆ ವಾರವನ್ನು ನಾನು ಒಮ್ಮೆ ಉಳಿಸಲು ಹೋಗಿ ಏನು ಕಳೆದುಕೊಂಡೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಬಂದವನು ಯಾರು ಅಂತ ತಿಳಿದುಕೋ. ಗಾಜಿನ ಮೇಲೆ ಹರಿದಾಡುವುದೆಲ್ಲ ಶತ್ರು ಅಲ್ಲ. ಬೂದು ಬಣ್ಣದ, ಆರಪಾರ ಕಾಣುವ ಸಣ್ಣ ಚಪ್ಪಟೆ ಹುಳುಗಳು ಎಷ್ಟೋ ತೊಟ್ಟಿಗಳಲ್ಲಿ ತಮ್ಮಷ್ಟಕ್ಕೆ ಇರುತ್ತವೆ. ಕಲ್ಲಿನ ಸಂದಿಯಿಂದ ಇಣುಕುವ, ಮೈತುಂಬ ಕೂದಲಿನಂಥ ಮುಳ್ಳಿರುವ ಹುಳು ಚಪ್ಪಟೆ ಹುಳುವೇ ಅಲ್ಲ. ಅದು ಕಸ ಗುಡಿಸುವ ಜೀವಿ, ಅದನ್ನು ಕೊಲ್ಲಬೇಡ. ನಿನ್ನದು ಬೇರೆ. ಅರ್ಧ ಸೆಂಟಿಮೀಟರಿಗೂ ಕಮ್ಮಿ ಉದ್ದ, ತುಕ್ಕಿನ ಬಣ್ಣ, ಹಿಂದಿನ ತುದಿಯಲ್ಲಿ ಮೂರು ಮೊನೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ನಮ್ಮ ಬೆಟ್ಟದಿಂದ ಅದಿರು ಹೋಗುತ್ತಿತ್ತಲ್ಲ, ಅದೇ ಬಣ್ಣ. ಇದಕ್ಕೆ ಕಾನ್ವೊಲ್ಯುಟ್ರಿಲೋಬ ಅಂತ ಹೆಸರು. ತೊಟ್ಟಿ ಸಾಕುವವರು ಕೆಂಪು ಪ್ಲನೇರಿಯಾ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಇದು ಪ್ಲನೇರಿಯಾವೂ ಅಲ್ಲ. ಮೊದಲು ಚಪ್ಪಟೆ ಹುಳುಗಳ ವಂಶದಲ್ಲೇ ಇಟ್ಟಿದ್ದರು, ಆಮೇಲೆ ವಿಜ್ಞಾನಿಗಳು ಹೊಟ್ಟೆ ಬಗೆದು ನೋಡಿ, ಜೀನು ಓದಿ, ಈ ಗುಂಪಿನ ಮನೆತನವೇ ಬೇರೆ ಅಂತ ಹೊರಗೆ ಕೂರಿಸಿದರು. ಮನೆತನ ಬದಲಾದರೂ ನಮಗೆ ಕೊಡುವ ಕಾಟ ಬದಲಾಗಲಿಲ್ಲ, ಆದ್ದರಿಂದ ನಾನೂ ಚಪ್ಪಟೆ ಹುಳು ಅಂತಲೇ ಕರೆಯುತ್ತೇನೆ.

ಇದರ ಗುಟ್ಟು ಇರುವುದು ಮೈಯೊಳಗೆ. ಹವಳದ ಹಾಗೆ ಇದೂ ತನ್ನ ಮೈಯಲ್ಲಿ ಪಾಚಿ ಸಾಕಿಕೊಂಡಿದೆ. ಬಿಸಿಲು ಕಾಯಿಸಿಕೊಂಡು ಕೂತರೆ ಪಾಚಿ ಅಡಿಗೆ ಮಾಡಿ ಹಾಕುತ್ತದೆ. ಅದು ಸಾಲದೆಂದು ನೀರಿನಲ್ಲಿರುವ ಸಣ್ಣ ಕೋಪೆಪಾಡುಗಳನ್ನೂ ಹಿಡಿದು ತಿನ್ನುತ್ತದೆ. ಹವಳವನ್ನು ಕಚ್ಚಿ ತಿನ್ನುವುದಿಲ್ಲ, ಆದರೆ ಸಾವಿರ ಹುಳು ಒಂದು ಅಣಬೆ ಹವಳದ ಮೇಲೆ ಚಾಪೆ ಹಾಸಿದಂತೆ ಮಲಗಿದರೆ ಕೆಳಗಿನದಕ್ಕೆ ಬೆಳಕೆಲ್ಲಿ? ಉಸಿರು ಕಟ್ಟಿ ಸೊರಗುತ್ತದೆ. ಸಂತಾನಕ್ಕೆ ಗಂಡು ಹೆಣ್ಣು ಸೇರಬೇಕೆಂದಿಲ್ಲ. ಇದೇ ಕುಲದ ರೆಟ್ರೊಜೆಮ್ಮಾ ಎಂಬ ಜಾತಿಯನ್ನು 1988ರಲ್ಲಿ ವಿವರಿಸಿದರು. ಅದರ ಹಿಂಭಾಗದಲ್ಲಿ ಮೊಗ್ಗು ಮೂಡಿ, ತಲೆ ತಾಯಿಗೆ ವಿರುದ್ಧ ದಿಕ್ಕಿಗೆ ಮಾಡಿಕೊಂಡು, ಕಳಚಿಕೊಂಡು ಹೋಗುತ್ತದೆ. ಇನ್ನೊಂದು ಜಾತಿ ಉದ್ದಕ್ಕೆ ಸೀಳಿಕೊಂಡೇ ಎರಡಾಗುತ್ತದೆ. ಹೀಗಿರುವಾಗ ಹೋದ ತಿಂಗಳು ಎರಡು ಕಂಡಿದ್ದು ಈ ತಿಂಗಳು ಗಾಜು ಮುಚ್ಚಿದ್ದರಲ್ಲಿ ಆಶ್ಚರ್ಯವೇನಿದೆ.

ಈಗ ನನ್ನ ಕಥೆ. ಕೇಳಿ ನಗಬೇಡ.

ನಿನಗೆ ಗೊತ್ತಲ್ಲ, ನಾನು ಈ ತಾಲ್ಲೂಕಿನಲ್ಲಿ ಮೂವತ್ತು ವರ್ಷ ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು. ಚಪ್ಪಟೆ ಹುಳು ಅಂದರೆ ನನಗೆ ಹವಳದ ತೊಟ್ಟಿಯಲ್ಲಿ ಪರಿಚಯವಾದದ್ದಲ್ಲ. ಕೆರೆಯಂಗಳದಲ್ಲಿ, ನಾಲೆಯ ಬದಿಯ ಜೌಗಿನಲ್ಲಿ ಮೇದ ಎಮ್ಮೆ, ಕುರಿಗಳ ಪಿತ್ತಜನಕಾಂಗದಲ್ಲಿ ಎಲೆಯಾಕಾರದ ಹುಳು ಇರುತ್ತದೆ. ಫ್ಯಾಸಿಯೋಲ ಅಂತ ಅದರ ಹೆಸರು. ಕುರಿಯ ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊತ ಬಂದಿದ್ದರೆ ಕೊಟ್ಟಿಗೆಯ ಬಾಗಿಲಲ್ಲೇ ನಿಂತು ರೋಗ ಹೇಳುತ್ತಿದ್ದೆ. ಔಷಧಿ ಕುಡಿಸುತ್ತಿದ್ದೆವು. ರೈತ ತಿಂಗಳು ಬಿಟ್ಟು ಮತ್ತೆ ಬಂದು "ನಿಮ್ಮ ಔಷಧಿ ಹಿಡೀಲಿಲ್ಲ ಸ್ವಾಮಿ" ಅನ್ನುತ್ತಿದ್ದ. ಔಷಧಿ ಹಿಡಿದಿತ್ತು. ಆದರೆ ನಾವು ಕೊಡುತ್ತಿದ್ದ ಔಷಧಿ ಬಲಿತ ಹುಳುವನ್ನು ಕೊಲ್ಲುತ್ತಿತ್ತೇ ಹೊರತು ಇನ್ನೂ ಯಕೃತ್ತಿನ ಮಾಂಸದೊಳಗೆ ಅಲೆಯುತ್ತಿದ್ದ ಮರಿಗಳನ್ನಲ್ಲ. ಮೇಲಾಗಿ ಕುರಿ ಮತ್ತೆ ಅದೇ ಜೌಗಿಗೆ ಹೋಗುತ್ತಿತ್ತು, ಅಲ್ಲಿನ ಬಸವನಹುಳುವಿನ ಮೈಯಿಂದ ಹೊರಬಿದ್ದ ಮರಿಹುಳುಗಳು ಹುಲ್ಲಿಗೆ ಅಂಟಿಕೊಂಡು ಕಾಯುತ್ತಿದ್ದವು. ಇಷ್ಟೆಲ್ಲ ಊರೂರಿಗೆ ಹೋಗಿ ಹೇಳಿದವನು ನಾನು.

ನಿವೃತ್ತಿಯಾದ ಮೇಲೆ ಮಂಗಳೂರಿನಲ್ಲಿ ಯಾರದೋ ಮನೆಯಲ್ಲಿ ಹವಳದ ತೊಟ್ಟಿ ನೋಡಿ ಮರುಳಾಗಿ, ಘಟ್ಟದ ಮೇಲೆ, ಸಮುದ್ರದ ಗಾಳಿಯೂ ಸುಳಿಯದ ಈ ಊರಿನಲ್ಲಿ ಉಪ್ಪುನೀರು ಕಲಸಿ ಕೂತೆ. ಅಡಿಕೆ ವ್ಯಾಪಾರಕ್ಕೆ ಬಂದವರು ನೋಡಿ "ಇದರಲ್ಲಿ ತಿನ್ನೋ ಮೀನು ಯಾವುದು?" ಅಂತ ಕೇಳಿ ಹೋಗುತ್ತಿದ್ದರು. ಎರಡನೆಯ ವರ್ಷ ಕೆಂಪು ಹುಳು ಬಂತು. ನಾನು ಜಂತುಹುಳುವಿನ ಪಂಡಿತ, ಅಲ್ಲವೇ? ಹವ್ಯಾಸಿಗಳು ಇದಕ್ಕೆ ಲೆವಮಿಸೋಲ್ ಬಳಸುತ್ತಾರೆ ಅಂತ ಓದಿದ್ದೆ. ಲೆವಮಿಸೋಲ್ ನನಗೆ ಮನೆಯ ಸಕ್ಕರೆ ಇದ್ದ ಹಾಗೆ. ಕೊಟ್ಟಿಗೆಯ ಗೂಡಿನಲ್ಲಿದ್ದ ದನದ ಬಾಟಲಿ ತಂದೆ, ಲೆಕ್ಕ ಹಾಕಿದೆ, ಸುರಿದೆ.

ಹತ್ತು ನಿಮಿಷದಲ್ಲಿ ಹುಳುಗಳು ಸುರುಳಿ ಸುತ್ತಿಕೊಂಡು ಉದುರತೊಡಗಿದವು. ಗಾಜು ಸ್ವಚ್ಛ. ನಿನ್ನ ದೊಡ್ಡಮ್ಮನನ್ನು ಕರೆದು ತೋರಿಸಿದೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಸಂಜೆ ಕಾಫಿ ಹಿಡಿದು ಬಂದು ನೋಡಿದರೆ ಜೋಡಿ ಕ್ಲೌನ್ ಮೀನು ಮೂಲೆಯಲ್ಲಿ ಮೇಲ್ಮುಖವಾಗಿ ಬಾಯಿ ಬಿಡುತ್ತಿದ್ದವು. ರಾತ್ರಿ ಎಂಟಕ್ಕೆ ಒಂದು ಹೋಯಿತು. ಬೆಳಗ್ಗೆ ಹೊತ್ತಿಗೆ ಇನ್ನೊಂದು, ಜೊತೆಗೆ ಎರಡು ಸೀಗಡಿ. ಹವಳಗಳು ತಿಂಗಳು ಮುಖ ಬಿಚ್ಚಲಿಲ್ಲ.

ಎರಡು ತಪ್ಪು ಮಾಡಿದ್ದೆ. ಒಂದು, ದನಕ್ಕೆ ಸಿಗುವ ದ್ರವದಲ್ಲಿ ಬಹಳ ಸಲ ಲೆವಮಿಸೋಲ್ ಒಂದೇ ಇರುವುದಿಲ್ಲ, ಯಕೃತ್ತಿನ ಹುಳುವಿಗಾಗಿ ಆಕ್ಸಿಕ್ಲೋಜನೈಡ್ ಕೂಡ ಬೆರೆಸಿರುತ್ತಾರೆ. ಚೀಟಿಯ ಮೇಲೆ ಅಷ್ಟು ದೊಡ್ಡದಾಗಿ ಬರೆದಿತ್ತು. ಮೂವತ್ತು ವರ್ಷ ಅದೇ ಚೀಟಿ ಓದಿ ಕುಡಿಸಿದವನು ಆವತ್ತು ಓದಲಿಲ್ಲ. ಎರಡನೆಯದು ಇನ್ನೂ ದೊಡ್ಡದು. ಈ ಕೆಂಪು ಹುಳು ಸಾಯುವಾಗ ಮೈಯೊಳಗಿನ ವಿಷವನ್ನು ನೀರಿಗೆ ಬಿಡುತ್ತದೆ. ಹತ್ತು ಹುಳು ಸತ್ತರೆ ಗೊತ್ತೇ ಆಗುವುದಿಲ್ಲ. ಹತ್ತು ಸಾವಿರ ಒಟ್ಟಿಗೆ ಸತ್ತರೆ ತೊಟ್ಟಿಯೇ ವಿಷದ ಕಷಾಯ. ನಾನು ಅದನ್ನು ಕಲಸಿಟ್ಟು ಮಲಗಿದ್ದೆ.

ಆದ್ದರಿಂದ ಮಾರಾಯ, ಈ ವಾರ ಔಷಧಿಯ ಹೆಸರು ಎತ್ತಬೇಡ. ಈ ವಾರ ಬರೀ ಎಳೆಯುವ ಕೆಲಸ.

ಮಧ್ಯಾಹ್ನ ಲೈಟು ಪೂರ್ತಿ ಹೊತ್ತಿರುವಾಗ ಹುಳುಗಳೆಲ್ಲ ಬೆಳಕು ಹೆಚ್ಚಿರುವ ಜಾಗಕ್ಕೆ ಬಂದು ಹರಡಿಕೊಂಡಿರುತ್ತವೆ. ಆಗ ಅವುಗಳನ್ನು ಹಿಡಿಯಬೇಕು. ರಾತ್ರಿ ಟಾರ್ಚು ಹಿಡಿದು ಹುಡುಕಿದರೆ ಕಲ್ಲಿನ ಸಂದಿ ಸೇರಿರುತ್ತವೆ. ಏರ್ ಪಂಪಿನ ತೆಳು ಪೈಪು ತೆಗೆದುಕೊ, ತುದಿಗೆ ಗಟ್ಟಿ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸು, ಒಂದು ಕಡೆ ಬಾಯಲ್ಲಿ ಎಳೆಯದೆ ನೀರು ತುಂಬಿಸಿ ಇಳಿಬಿಡು. ಕೆಳಗಿನ ಬಕೆಟ್ಟಿಗೆ ಹಳೆಯ ಪಂಚೆಯ ತುಂಡು ಎರಡು ಮಡಿಕೆ ಮಾಡಿ ಕಟ್ಟು. ತುದಿಯನ್ನು ಹುಳುವಿನ ಹತ್ತಿರ ಒಯ್ದರೆ ಸಾಕು, ಅದೇ ಎಳೆದುಕೊಳ್ಳುತ್ತದೆ. ಬ್ಲೇಡಿನಿಂದ ಗಾಜು ಕೆರೆಯಲು ಹೋಗಬೇಡ. ಜಜ್ಜಿದರೆ ಆ ವಿಷ ಅಲ್ಲೇ ನೀರಿಗೆ ಸೇರುತ್ತದೆ, ಹರಿದ ಚೂರು ಮತ್ತೆ ಹುಳುವಾಗಿ ಬೆಳೆದರೂ ಬೆಳೆದೀತು.

ಮಳೆಗಾಲದಲ್ಲಿ ಅಡಿಕೆ ತೋಟದ ಕಸದಡಿ ಸುತ್ತಿಗೆ ತಲೆಯ ಉದ್ದನೆ ಲೋಳೆ ಹುಳು ಕಂಡಿದ್ದೀಯಲ್ಲ? ಅದೂ ಚಪ್ಪಟೆ ಹುಳುವಿನ ವಂಶವೇ. ಅದರ ಬಂಧುವೊಂದಕ್ಕೆ ಬೈಪಾಲಿಯಂ ಕೆವೆನ್ಸೆ ಅಂತ ಹೆಸರು ಬಂದದ್ದು ಲಂಡನ್ನಿನ ಕ್ಯೂ ತೋಟದಿಂದ. 1878ರಲ್ಲಿ ಅಲ್ಲಿನ ಗಾಜಿನ ಮನೆಯಲ್ಲಿ ಸಿಕ್ಕಿತು. ಅದರ ತವರು ಅಲ್ಲಲ್ಲ, ಬಿಸಿನಾಡಿನ ಗಿಡಗಳ ಕುಂಡದಲ್ಲಿ ಸುಮ್ಮನೆ ಕೂತು ಸಮುದ್ರ ದಾಟಿ ಬಂದಿತ್ತು. ಚಿಕ್ಕವರಿದ್ದಾಗ ನಾವು ನಮ್ಮ ತೋಟದ ಹುಳುವನ್ನು ಗುದ್ದಲಿಯಿಂದ ಎರಡು ತುಂಡು ಮಾಡಿ ಗೆದ್ದೆವು ಅಂತ ಬೀಗುತ್ತಿದ್ದೆವು. ಎರಡು ತುಂಡೂ ಬದುಕುತ್ತವೆ ಅಂತ ನನಗೆ ತಿಳಿದದ್ದು ಓದು ಮುಗಿಸಿದ ಮೇಲೆ.

ಎಳೆಯುವುದನ್ನು ಏಳು ದಿನ ಬಿಡದೆ ಮಾಡು. ಮೊದಲ ದಿನ ಒಂದು ಗಂಟೆ ಹಿಡಿಯುತ್ತದೆ, ಮೂರನೆಯ ದಿನಕ್ಕೆ ಇಪ್ಪತ್ತು ನಿಮಿಷ. ಬಟ್ಟೆಯ ಮೇಲೆ ಕುಳಿತ ಹುಳುಗಳ ಮೇಲೆ ಒಂದು ಚೊಂಬು ನಲ್ಲಿ ನೀರು ಸುರಿ. ಉಪ್ಪುನೀರಿನ ಜೀವಕ್ಕೆ ಸಿಹಿನೀರೇ ಸಾವು, ಅಲ್ಲೇ ಕರಗಿ ಹೋಗುತ್ತವೆ. ಈ ಏಳು ದಿನ ಮೀನಿಗೆ ಊಟ ಅರ್ಧ ಮಾಡು. ನೀನು ಹಾಕುವ ಪುಡಿ ಆಹಾರ, ಆರ್ಟೀಮಿಯ, ಹೆಚ್ಚಾದ ನೈಟ್ರೇಟು, ಫಾಸ್ಫೇಟು, ಇವೆಲ್ಲ ಕೊನೆಗೆ ಪಾಚಿಗೋ ಹುಳುವಿಗೋ ಸೇರುತ್ತವೆ. ನಿನ್ನ ಮೀನುಗಳು ಹೊಟ್ಟೆ ತುಂಬಿದ ದೇವಸ್ಥಾನದ ಪೂಜಾರಿಗಳ ಹಾಗಿವೆ, ಫೋಟೋದಲ್ಲೇ ಕಂಡಿತು.

ನೀರಿನ ವಿಷಯ ಬಂದದ್ದಕ್ಕೆ ಒಂದು ಮಾತು. ನಿನ್ನ ಅಪ್ಪ ಕಲ್ಲತ್ತಿಗಿರಿಯ ನೀರು ತಂದು ಹಾಕಬಹುದಲ್ಲ, ಅಷ್ಟು ಪವಿತ್ರವಾದದ್ದು ಅಂದರಂತೆ. ವೀರಭದ್ರನಿಗೆ ಕೈಮುಗಿಯುವುದು ಬೇರೆ, ತೊಟ್ಟಿಗೆ ನೀರು ಹಾಕುವುದು ಬೇರೆ. ಕಾಡಿನ ಎಲೆ ಕೊಳೆತ ರಸ, ಮೇಲಿನ ತೋಟಗಳ ಗೊಬ್ಬರ, ಸ್ನಾನ ಮಾಡಿದವರ ಸೋಪು, ಎಲ್ಲ ಅದರಲ್ಲಿರುತ್ತದೆ. ಕೊಳವೆಬಾವಿಯ ನೀರು ಇನ್ನೂ ಕಷ್ಟ, ಕಬ್ಬಿಣ, ಸುಣ್ಣ ಯಾವುದು ಎಷ್ಟಿದೆಯೋ. ಆರ್.ಓ. ನೀರಿಗೇ ಉಪ್ಪು ಕಲಸು.

ವಾರ ಕಳೆದ ಮೇಲೆ ಗಾಜಿನ ಮೇಲೆ ಎಣಿಸುವಷ್ಟು ಉಳಿದರೆ, ಆಗ ಔಷಧಿಯ ಮಾತು. ಹವಳದ ತೊಟ್ಟಿಗೆಂದೇ ಮಾರುವ ಚಪ್ಪಟೆ ಹುಳುವಿನ ಔಷಧಿ ಸಿಗುತ್ತದೆ, ಅದನ್ನೇ ತರಿಸು. ಕೊಟ್ಟಿಗೆಯ ಗೂಡಿಗೆ ಕೈ ಹಾಕಬೇಡ. ಹನಿ ಹಾಕುವ ಮೊದಲು ನೀರು ಎಷ್ಟಿದೆ ಅಂತ ಗೊತ್ತಿರಬೇಕು. ನಿನ್ನ ತೊಟ್ಟಿ 120 ಸೆಂಟಿಮೀಟರ್ ಉದ್ದ, 45 ಅಗಲ, 55 ಎತ್ತರ ಅಂದೆ. ಗುಣಿಸಿದರೆ 297 ಲೀಟರ್. ಅಂಗಡಿಯವನು 300 ಅನ್ನುತ್ತಾನೆ, ನೀನೂ ಅದನ್ನೇ ನಂಬಿದ್ದೀಯ. ಮೇಲೆ ಬಿಟ್ಟ ಐದು ಸೆಂಟಿಮೀಟರ್ ಕಳೆ, ಅಲ್ಲಿಗೇ 270. ಕಲ್ಲು, ಮರಳು ಕಳೆ. ನಿಜವಾದ ನೀರು 230ರ ಸುತ್ತ ಇದ್ದೀತು. ಕೆಳಗಿನ ಸಂಪಿನಲ್ಲಿ ಎಷ್ಟಿದೆ ಅನ್ನುವುದನ್ನು ಬಕೆಟ್ಟಿನಲ್ಲಿ ಅಳೆದು ಸೇರಿಸು. ಔಷಧಿ ಕುಡಿಸುವ ಮುಂಚೆ ಎತ್ತಿನ ತೂಕ ಕಣ್ಣಂದಾಜಿನಲ್ಲಿ ಹೇಳುವವರನ್ನು ನಾನು ಬಹಳ ನೋಡಿದ್ದೇನೆ, ಐವತ್ತು ಕಿಲೋ ಆಚೀಚೆ ಹೇಳುತ್ತಿದ್ದರು. ಎತ್ತು ತಡೆದುಕೊಳ್ಳುತ್ತದೆ, ನಾಲ್ಕು ಗ್ರಾಂ ಮೀನು ತಡೆಯುವುದಿಲ್ಲ.

ಹಿಂದಿನ ದಿನವೇ 80 ಲೀಟರ್ ಹೊಸ ನೀರು ತಯಾರಿರಲಿ. ಲೀಟರಿಗೆ 35ರಿಂದ 38 ಗ್ರಾಂ ಉಪ್ಪು ಬೇಕಾಗುತ್ತದೆ, ಅಂದರೆ ಸುಮಾರು ಮೂರು ಕಿಲೋ. ಆದರೆ ತಕ್ಕಡಿಯನ್ನು ನಂಬಬೇಡ, ನಮ್ಮ ಮಳೆಗಾಲದಲ್ಲಿ ಚೀಲ ತೇವ ಹೀರಿ ತೂಕ ಸುಳ್ಳು ಹೇಳುತ್ತದೆ. ರಿಫ್ರಾಕ್ಟೋಮೀಟರ್ 1.025 ತೋರಿಸುವವರೆಗೆ ಸರಿಮಾಡು. ಆಕ್ಟಿವೇಟೆಡ್ ಕಾರ್ಬನ್ ಮಾಮೂಲಿನ ಎರಡು ಪಟ್ಟು ತೆಗೆದು, ಮಸಿ ಹೋಗುವಂತೆ ತೊಳೆದು, ಚೀಲಕ್ಕೆ ತುಂಬಿ ಕೈಗೆಟುಕುವ ಹಾಗಿಡು. ಅಷ್ಟು ಸಿದ್ಧವಾಗದೆ ಬಾಟಲಿಯ ಮುಚ್ಚಳ ತೆರೆಯಬೇಡ.

ಬೆಳಗ್ಗೆ ಶುರು ಮಾಡು, ದಿನವಿಡೀ ಮನೆಯಲ್ಲಿರುವ ದಿನ ನೋಡಿಕೊ. ಹಳೆಯ ಕಾರ್ಬನ್ ತೆಗೆ, ಸ್ಕಿಮ್ಮರ್ ನಿಲ್ಲಿಸು, ಯು.ವಿ. ಇದ್ದರೆ ಅದನ್ನೂ. ಇಲ್ಲವಾದರೆ ಹಾಕಿದ ಔಷಧಿಯನ್ನು ಅವೇ ನುಂಗುತ್ತವೆ. ಸ್ಕಿಮ್ಮರ್ ನಿಂತರೆ ಗಾಳಿ ಕಮ್ಮಿಯಾಗುತ್ತದೆ, ಆದ್ದರಿಂದ ಬೇರೆ ಏರ್ ಪಂಪು ಓಡಲಿ. ನಮ್ಮ ಕಡೆ ಕರೆಂಟಿನ ಭರವಸೆ ಎಷ್ಟು ಅಂತ ನಿನಗೆ ಗೊತ್ತು, ಬ್ಯಾಟರಿ ಪಂಪು ಪಕ್ಕದಲ್ಲಿರಲಿ. ಔಷಧಿಯನ್ನು ನೀರು ಹರಿಯುವ ಕಡೆ ನಿಧಾನ ಹಾಕಿ, ಕುರ್ಚಿ ಎಳೆದುಕೊಂಡು ಮುಂದೆ ಕೂರು. ಹುಳುಗಳು ಮುದುರಿ ಉದುರಲು ಶುರುವಾದ ಕ್ಷಣದಿಂದ ಪೈಪು ಹಿಡಿದು ಎಳೆಯುತ್ತಲೇ ಇರು. ಸತ್ತದ್ದು ತಳಕ್ಕೆ ಇಳಿಯಲು ಬಿಡಬೇಡ. ಮುಕ್ಕಾಲು ಗಂಟೆ ಹೀಗೆ. ಮೀನು ಜೋರಾಗಿ ಕಿವಿರು ಆಡಿಸಿದರೆ ಗಡಿಯಾರ ನೋಡಬೇಡ, ಆಗಲೇ ಕಾರ್ಬನ್ ಹಾಕು, ಸ್ಕಿಮ್ಮರ್ ಹಚ್ಚು, ನೀರು ಬದಲಿಸು. ಎಲ್ಲ ಸರಿಯಿದ್ದರೂ ಕೊನೆಗೆ ಅದನ್ನೇ ಮಾಡುವುದು. ಎರಡು ದಿನ ಬಿಟ್ಟು ಕಾರ್ಬನ್ ಬದಲಿಸು.

ಅಷ್ಟಾದ ಮೇಲೂ ಒಂದೆರಡು ಉಳಿದೇ ಉಳಿಯುತ್ತವೆ. ಕಲ್ಲಿನ ಅಡಿಯಲ್ಲಿ, ಸಂಪಿನ ಗೋಡೆಯಲ್ಲಿ, ಓವರ್‌ಫ್ಲೋ ಪೆಟ್ಟಿಗೆಯೊಳಗೆ. ಒಂದೇ ಹುಳು ಸಾಕು, ಮದುವೆಯಿಲ್ಲದೆ ಸಂಸಾರ ಮಾಡುವ ಜಾತಿ. ವಾರದ ಮೇಲೆ ಇನ್ನೊಮ್ಮೆ ಮಾಡು. ಎರಡನೆಯ ಸಲ ಸಾಯುವುದು ಕಮ್ಮಿ, ವಿಷವೂ ಕಮ್ಮಿ, ಆಗ ಬೇಕಾದರೆ ಚೀಟಿಯಲ್ಲಿ ಹೇಳಿದ ಮೇಲಿನ ಪ್ರಮಾಣಕ್ಕೆ ಹೋಗಬಹುದು. ಮೊದಲ ಸಲವೇ ಮೇಲಿನ ಪ್ರಮಾಣಕ್ಕೆ ಹೋಗುವವನು ನಾನು ಆವತ್ತು ಮಾಡಿದ್ದನ್ನೇ ಮಾಡುತ್ತಾನೆ.

ಔಷಧಿ ಬೇಡ, ಹುಳು ತಿನ್ನುವ ಮೀನು ತಂದು ಬಿಡು ಅಂತ ನಿನಗೆ ಹೇಳಿದವರು ಇದ್ದಾರಂತೆ. ಆರು ಗೀಟಿನ ರಾಸ್ ಮೀನು, ಹಳದಿ ರಾಸ್, ಮ್ಯಾಂಡರಿನ್. ತಿಂದರೆ ತಿಂದವು, ಇಲ್ಲದಿದ್ದರೆ ಇಲ್ಲ. ಈ ಹುಳು ರುಚಿಯ ಪದಾರ್ಥವಲ್ಲ. ಆರು ಗೀಟಿನದು ಜಗಳಗಂಟ, ಮ್ಯಾಂಡರಿನ್ ತೊಟ್ಟಿಯಲ್ಲಿ ಕೋಪೆಪಾಡು ತುಂಬಿರದಿದ್ದರೆ ಬಡಕಲಾಗಿ ಸಾಯುತ್ತದೆ. ಖಂಡಿತ ತಿನ್ನುವುದು ಒಂದಿದೆ, ಕೆಲಿಡೊನೂರ ವೇರಿಯನ್ಸ್ ಎಂಬ ಕಡಲ ಗೊಂಡೆಹುಳು. ಕಪ್ಪು ಮಖಮಲ್ಲಿನ ಮೇಲೆ ನೀಲಿ ಜರಿ ಎಳೆದ ಹಾಗೆ, ನೋಡಿದರೆ ಕಣ್ಣು ಕೀಳಲಾಗದು. ಅದಕ್ಕೆ ಈ ಬಗೆಯ ಹುಳುವೇ ಊಟ, ಬೇರೆ ಏನೂ ಬೇಡ. ಹುಳು ಮುಗಿದ ದಿನ ಅದರ ಉಪವಾಸ ಶುರು. ಪಂಪಿಗೆ ಸಿಕ್ಕಿ ಸತ್ತರಂತೂ ಇನ್ನೊಂದು ರಂಪ. ಲಂಗೋಟಿಯನ್ನು ಇಲಿ ಕಡಿಯುತ್ತದೆಂದು ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸು ನೋಡಿಕೊಳ್ಳಲು ಹೆಂಡತಿ ತಂದ ಸನ್ಯಾಸಿಯ ಕಥೆ ನಿನ್ನ ಅಜ್ಜಿ ಹೇಳುತ್ತಿದ್ದಳಲ್ಲ, ನೀನು ಬೆಕ್ಕಿನ ಹಂತದಲ್ಲಿದ್ದೀಯ.

ಇನ್ನೊಂದು, ನೀನು ಫೋನಿನ ಕೊನೆಯಲ್ಲಿ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಯಾರೋ ಕೊಂಬೆ ಹವಳದ ತುಂಡು ಕಡಿಮೆ ಬೆಲೆಗೆ ಕೊಡುತ್ತಾರಂತೆ. ಬೇಡ. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಒಂದನೆಯ ಷೆಡ್ಯೂಲಿನಲ್ಲಿವೆ. ಹುಲಿ ಇರುವ ಪಟ್ಟಿ ಅದು. ಭದ್ರಾ ಅಭಯಾರಣ್ಯದ ಅಂಚಿನಲ್ಲಿ ಹುಟ್ಟಿದ ನಿನಗೆ ಆ ಪಟ್ಟಿ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೀಸಣಿಗೆ ಹವಳ, ಬೆಂಕಿ ಹವಳ, ಕಡಲಕುದುರೆ ಎಲ್ಲಕ್ಕೂ ಅದೇ ಕಾಯ್ದೆಯ ರಕ್ಷಣೆಯಿದೆ. ವಿದೇಶದ ಮಾಲು ಅಂದರೂ ಕಾಗದಪತ್ರ ಇಲ್ಲದೆ ಮುಟ್ಟಬೇಡ. ಗಟ್ಟಿ ಹವಳದ ಕಾಡು ನೋಡುವ ಆಸೆಯಿದ್ದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ ನೀರಿಗಿಳಿ.

ಆ ಕೊಂಬೆ ಹವಳಕ್ಕೆ ಅದರದೇ ಹುಳುವೂ ಇದೆ ಅನ್ನುವುದು ಬೇರೆ ಮಾತು. ಅದು ಬೆಳಕಿಗೆ ಮೈಕಾಯಿಸಿ ಕೂರುವುದಲ್ಲ, ಹವಳದ ಮಾಂಸವನ್ನೇ ತಿನ್ನುವುದು. ತಿಂದ ಹವಳದ ಬಣ್ಣವನ್ನೇ ಮೈಗೆ ತುಂಬಿಕೊಂಡು, ಅದರ ಮೇಲೇ ಕೂತರೂ ಕಾಣುವುದಿಲ್ಲ. ದುಂಡಗಿನ ಬಿಳಿಚು ಕಲೆಗಳು ಮಾತ್ರ ಕಾಣುತ್ತವೆ. ಜಗತ್ತಿನ ತೊಟ್ಟಿಗಳಲ್ಲೆಲ್ಲ ವರ್ಷಗಟ್ಟಲೆ ಹಾವಳಿ ಮಾಡಿದ ಮೇಲೆ, 2011ರಲ್ಲಷ್ಟೇ ಅದಕ್ಕೆ ಅಮಕುಸಪ್ಲಾನ ಅಕ್ರೊಪೋರೆ ಅಂತ ನಾಮಕರಣವಾಯಿತು. ಮರುವರ್ಷ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ, ಅದರ ಸ್ವಂತ ಮನೆಯಲ್ಲಿ ಕಂಡರು. ಆಮೇಲೆ ಕುಲವನ್ನೂ ಬದಲಿಸಿದರು. ತೊಟ್ಟಿಯ ಹುಳುವಿಗೆ ಹೆಸರು ಸಿಗುವ ಮುಂಚೆ ಕೆಟ್ಟ ಹೆಸರು ಬಂದಿರುತ್ತದೆ.

ಕೆಲವರು ಹುಳು ಬಂದ ಕಲ್ಲನ್ನು ತೆಗೆದು ಕುದಿಯುವ ನೀರಿಗೆ ಹಾಕಿದರೆ ಆಯಿತು ಅನ್ನುತ್ತಾರೆ. ಇದೊಂದನ್ನು ದಪ್ಪ ಅಕ್ಷರದಲ್ಲಿ ಬರೆದುಕೊ. ನಿನ್ನ ಕಲ್ಲಿನ ಮೇಲೆ ಗುಂಡಿ ಹವಳಗಳಿವೆ, ಅಂದರೆ ಜೊವಾಂತಿಡ್‌ಗಳು. ಆ ವಂಶದ ಕೆಲವು ಹವಳಗಳ ಲೋಳೆಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಹವಾಯಿ ದ್ವೀಪಗಳಲ್ಲಿ ಹಾನಾ ಊರಿನ ಕಡೆ ಹಿಂದಿನವರು ಅದನ್ನು ಈಟಿಯ ಮೊನೆಗೆ ಸವರುತ್ತಿದ್ದರಂತೆ. 1971ರಲ್ಲಿ ವಿಜ್ಞಾನಿಗಳು ಅಲ್ಲಿನದರಿಂದಲೇ ಆ ವಿಷವನ್ನು ಬೇರ್ಪಡಿಸಿದರು. ಕಲ್ಲು ಕುದಿಸಿ, ಏಳುವ ಆವಿ ಉಸಿರಾಡಿ ಇಡೀ ಸಂಸಾರ ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ಆಗಿವೆ. ಅಡಿಗೆಮನೆಗೆ ಕಲ್ಲು ಒಯ್ಯಬೇಡ. ತೊಟ್ಟಿಗೆ ಕೈ ಹಾಕುವಾಗ ಗ್ಲೌಸ್ ಹಾಕು, ಬೆರಳಲ್ಲಿ ಗಾಯವಿದ್ದರೆ ಆ ದಿನ ರಜೆ. ಪೈಪನ್ನು ಬಾಯಲ್ಲಿ ಎಳೆಯಬೇಡ ಅಂದದ್ದೂ ಇದಕ್ಕೇ.

ಈ ಹುಳು ನಿನ್ನ ತೊಟ್ಟಿಯಲ್ಲಿ ಹುಟ್ಟಿದ್ದಲ್ಲ, ಬಂದದ್ದು. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬೀರೂರು ದಾಟಿ ತರೀಕೆರೆಗೆ ಇಳಿದ ಯಾವುದೋ ಪ್ಲಾಸ್ಟಿಕ್ ಚೀಲದಲ್ಲಿ, ಅಣಬೆ ಹವಳದ ಬುಡದಲ್ಲಿ ಕೂತು ಬಂದದ್ದು. ಚೀಲ ಬಂದ ಖುಷಿಯಲ್ಲಿ ನೀನು ನೇರ ತೊಟ್ಟಿಗೆ ಬಿಟ್ಟೆ. ಜಾತ್ರೆಯಲ್ಲಿ ಕೊಂಡ ಹೋರಿಯನ್ನು ಮನೆಯ ದನಗಳ ಜೊತೆ ಅವತ್ತೇ ಕಟ್ಟುವ ರೈತನಿಗೆ ನಾನು ಬೈಯುತ್ತಿದ್ದೆ, ನಿನಗೂ ಅದೇ ಬೈಗುಳ. ಇನ್ನು ಮೇಲೆ ಹೊಸ ಹವಳ ಬಂದರೆ ಬೇರೆ ಸಣ್ಣ ತೊಟ್ಟಿಯಲ್ಲಿ ತಿಂಗಳು ಇರಲಿ. ಬಂದ ದಿನವೇ ಬಕೆಟ್ಟಿನಲ್ಲಿ ಅದೇ ಬಿಸಿಯ ಉಪ್ಪುನೀರಿಗೆ ಹವಳದ ಡಿಪ್ ಔಷಧಿ ಬೆರೆಸಿ ಚೀಟಿ ಹೇಳಿದಷ್ಟು ಹೊತ್ತು ಅದ್ದು, ಸಿರಿಂಜಿನಿಂದ ಬುಡಕ್ಕೆ ನೀರು ಚಿಮ್ಮಿಸು, ಉದುರಿದ್ದನ್ನು ಬಿಳಿ ತಟ್ಟೆಯಲ್ಲಿ ನೋಡು. ಡಿಪ್ಪಿಗೆ ಮೊಟ್ಟೆ ಸಾಯುವುದಿಲ್ಲ. ಹವಳ ಅಂಟಿಸಿದ ಬಿಲ್ಲೆಯನ್ನೇ ಕಿತ್ತು ಎಸೆದು ಹೊಸದಕ್ಕೆ ಅಂಟಿಸು, ವಾರಕ್ಕೊಮ್ಮೆ ಮತ್ತೆ ಅದ್ದು.

ಹೊಸ ಮೀನಿಗೂ ಇದೇ ನಿಯಮ. ಮೀನಿನ ಮೈಗೆ ಅಂಟುವ ಚಪ್ಪಟೆ ಹುಳುವೇ ಬೇರೆ, ಕಣ್ಣಿಗೆ ಕಾಣುವುದಿಲ್ಲ, ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಅದೇ ಬಿಸಿ, ಅದೇ ಪಿ.ಎಚ್. ಇರುವ ಸಿಹಿನೀರಿನಲ್ಲಿ ಮೂರ್ನಾಲ್ಕು ನಿಮಿಷ ಹಿಡಿದರೆ ಅವು ಎಳ್ಳಿನ ಹಾಗೆ ಬೆಳ್ಳಗಾಗಿ ಉದುರುತ್ತವೆ. ಅದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಔಷಧಿಯೂ ಇದೆ, ಅದನ್ನು ನಿನಗೆ ಇನ್ನೊಮ್ಮೆ ಹೇಳುತ್ತೇನೆ. ಕ್ಲೌನ್ ಮೀನು ಬೇಕಾದರೆ ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೇಳಿ ತೆಗೆದುಕೊ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮರಿ ಮಾಡಿಸುವ ವಿಧಾನ ಕಲಿಸಿಕೊಟ್ಟ ಮೇಲೆ ಸಮುದ್ರದಿಂದ ಹಿಡಿದದ್ದೇ ಬೇಕು ಅನ್ನುವ ಕಾಲ ಹೋಯಿತು.

ಭಾನುವಾರ ಬೆಳಗಿನ ಬಸ್ಸಿಗೆ ತರೀಕೆರೆಗೆ ಬರುತ್ತೇನೆ. ಎರಡು ಲೈಟೂ ಒಂಬತ್ತಕ್ಕೇ ಹಚ್ಚಿಡು, ನಾನು ಬರುವಷ್ಟರಲ್ಲಿ ಹುಳುಗಳು ಮೈ ಹರಡಿಕೊಂಡಿರಲಿ. ಕರುಗಳಿಗೆ ಔಷಧಿ ಕುಡಿಸುತ್ತಿದ್ದ ದೊಡ್ಡ ಸಿರಿಂಜು ಇನ್ನೂ ಇದೆ, ಕುದಿಸಿ ತರುತ್ತೇನೆ. ಭೂತಗನ್ನಡಿಯನ್ನೂ ತರುತ್ತೇನೆ, ಬಾಲದ ಮೂರು ಮೊನೆ ನೀನೂ ನೋಡು. ಹಳೆಯ ಪಂಚೆ ಎರಡು ಅಮ್ಮನ ಹತ್ತಿರ ಕೇಳಿಡು, ಅಪ್ಪನದು ಹೊಸದು ಹರಿಯಬೇಡ. ಎಳೆದ ಉಪ್ಪುನೀರನ್ನು ರಸ್ತೆ ಮೋರಿಗೆ ಹಾಕಬೇಕು. ನಾನು ಒಮ್ಮೆ ಗೊಬ್ಬರವಾಗುತ್ತದೆ ಅಂತ ನಿನ್ನ ದೊಡ್ಡಮ್ಮನ ಕೆಂಪು ದಾಸವಾಳದ ಬುಡಕ್ಕೆ ಸುರಿದಿದ್ದೆ. ಹದಿನೈದು ದಿನದಲ್ಲಿ ಗಿಡ ಒಣಗಿತು. ಬುಡಕ್ಕೆ ಗೆದ್ದಲು ಹಿಡಿದಿತ್ತು ಅಂತ ಅವಳಿಗೆ ಹೇಳಿದ್ದೇನೆ, ನೀನು ಬಾಯಿ ಬಿಡಬೇಡ.